555 ಟೈಮರ್ ಮಂಡಲದ ವಿದ್ಯುತ್ ಮೂಲ

ಹ್ಯಾನ್ಸ್ ಕ್ಯಾಮೆನ್‌ಜಿಂಡ್ ಅವರು 1971ರಲ್ಲಿ ಸಿಗ್ನೆಟಿಕ್ಸ್ ಸಂಸ್ಥೆಗಾಗಿ ರೂಪಿಸಿದ 555 ಟೈಮರ್ ಐ.ಸಿ.ಯು 4.5ರಿಂದ 16 ವೋಲ್ಟ್‌ವರೆಗಿನ ಡಿ.ಸಿ. ವಿದ್ಯುತ್ತಿನಲ್ಲಿ ಕೆಲಸ ಮಾಡುತ್ತದೆ. ಒಂಟಿ ಸ್ಪಂದನದ ಅವಧಿಯು ರೋಧಕ ಮತ್ತು ಧಾರಕಗಳ ಬೆಲೆಗಳ ಗುಣಲಬ್ಧದ 1.1 ಪಟ್ಟು. ಆದುದರಿಂದ ವೋಲ್ಟೇಜಿನ ಅಲ್ಪ ಏರಿಳಿತವು ಅವಧಿಯನ್ನು ಹೆಚ್ಚು ಬಾಧಿಸದು. ವಿದ್ಯುತ್ ಕಡಿತವಾದರೆ ಮಾತ್ರ ನಡೆಯುತ್ತಿರುವ ಅವಧಿಯೇ ತುಂಡಾಗುತ್ತದೆ.

9 ವೋಲ್ಟಿನ ಚಿಕ್ಕ ಬ್ಯಾಟರಿ ಪ್ರಯೋಗಕ್ಕಷ್ಟೇ ಸಾಕು. ಮಂಡಲವು ಸುಮ್ಮನಿದ್ದಾಗಲೂ ಕೆಲವು ಮಿಲಿಆಂಪಿಯರ್ ಸೆಳೆಯುವುದರಿಂದ ಅದು ಕೆಲವೇ ದಿನಗಳಲ್ಲಿ ಬರಿದಾಗುತ್ತದೆ. ಸ್ಥಿರೀಕರಣವಿಲ್ಲದ 12 ವೋಲ್ಟಿನ ಅಡಾಪ್ಟರ್, ಹೊರೆ ಕಡಿಮೆಯಿದ್ದಾಗ 16 ವೋಲ್ಟನ್ನು ಮೀರಿ ಐ.ಸಿ.ಯನ್ನು ಸುಡಬಹುದು, ಹವ್ಯಾಸಿಗಳು ಇದನ್ನು ಮರೆಯುವುದುಂಟು. ಕುಷ್ಟಗಿ, ಯಲಬುರ್ಗಾದಂತಹ ತಾಲ್ಲೂಕುಗಳ ಹಳ್ಳಿಗಳಲ್ಲಿ ಸುಮಾರು 13.7 ವೋಲ್ಟಿನಲ್ಲಿ ಸದಾ ಚಾರ್ಜ್ ಆಗುತ್ತಿರುವ 12 ವೋಲ್ಟಿನ ಮುಚ್ಚಿದ ಲೆಡ್-ಆಸಿಡ್ ಬ್ಯಾಟರಿಯೇ ಹೆಚ್ಚು ಭರವಸೆಯದು. ಐ.ಸಿ.ಯ ಪಕ್ಕದಲ್ಲಿಯೇ 0.1 ಮೈಕ್ರೊಫ್ಯಾರಡ್ ಧಾರಕವಿರಬೇಕು.