ಬಿಸಿನೆಸ್ ನೆಟ್‌ವರ್ಕಿಂಗ್ ಮೀಟಿಂಗ್‌ನಿಂದ ನಿಜಕ್ಕೂ ಗಿರಾಕಿ ಸಿಗುತ್ತಾರಾ? ಫಾರ್ವರ್ಡ್‌ಗಳು ಹೇಳುವುದೇನು, ಸಂಶೋಧನೆ ಹೇಳುವುದೇನು?

ಆನೇಕಲ್ ತಾಲ್ಲೂಕಿನ ಸರ್ಜಾಪುರದ ಒಂದು ಕಡೆ ಐಟಿ ಕಂಪನಿಗಳು, ಅಪಾರ್ಟ್‌ಮೆಂಟ್‌ಗಳು. ಇನ್ನೊಂದು ಕಡೆ ಅತ್ತಿಬೆಲೆ, ಬೊಮ್ಮಸಂದ್ರ, ಜಿಗಣಿಯ ಕಾರ್ಖಾನೆಗಳು. ಇವೆರಡರ ನಡುವೆ ಬದುಕು ಕಟ್ಟಿಕೊಂಡವರು ಇಂಟೀರಿಯರ್ ಕೆಲಸದವರು, ಕೇಟರಿಂಗ್‌ನವರು, ಲೆಕ್ಕಪತ್ರ ನೋಡುವವರು, ಪ್ರಿಂಟಿಂಗ್ ಪ್ರೆಸ್ ಇಟ್ಟವರು. ಟ್ರಾಫಿಕ್ ಶುರುವಾಗುವ ಮೊದಲೇ, ಬೆಳಗ್ಗೆ 7ಕ್ಕೆ ಹೋಟೆಲ್ ಹಾಲ್‌ನಲ್ಲಿ ಸೇರುವ ನೆಟ್‌ವರ್ಕಿಂಗ್ ಗುಂಪುಗಳಿಗೆ ಹೋಗುವವರೂ ಇವರೇ.

ಮೀಟಿಂಗ್ ಒಂದೂವರೆ ಗಂಟೆ, ಓಡಾಟ ಒಂದು ಗಂಟೆ ಅಂದುಕೊಳ್ಳಿ. ವಾರಕ್ಕೊಂದರಂತೆ ವರ್ಷಕ್ಕೆ 130 ಗಂಟೆ, ಅಂದರೆ 8 ಗಂಟೆಯ 16 ಕೆಲಸದ ದಿನಗಳು. ಸದಸ್ಯತ್ವದ ಹಣ, ತಿಂಡಿ, ಪೆಟ್ರೋಲ್ ಬೇರೆ. ಅಷ್ಟು ಕೊಟ್ಟ ಮೇಲೆ ಏನು ಸಿಗುತ್ತದೆ ಎಂದು ಕೇಳುವುದು ಜಿಪುಣತನವಲ್ಲ.

ಈ ಪದ್ಧತಿ ಎಲ್ಲಿಂದ ಬಂತು?

1905ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಬೇರೆ ಬೇರೆ ವೃತ್ತಿಯವರನ್ನು ಸೇರಿಸಿ ಒಂದು ಕೂಟ ಕಟ್ಟಿದರು. ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದುದರಿಂದ ಅದಕ್ಕೆ ರೋಟರಿ ಎಂಬ ಹೆಸರು ಬಂತು. ಮುಂದೆ ಅದು ಸೇವಾ ಸಂಸ್ಥೆಯಾಗಿ ಬೆಳೆಯಿತು. 1985ರಲ್ಲಿ ಐವನ್ ಮಿಸ್ನರ್ ಶುರು ಮಾಡಿದ ಬಿಎನ್‌ಐ, ವ್ಯವಹಾರದ ಪರಿಚಯವನ್ನೇ ಮುಖ್ಯ ಉದ್ದೇಶ ಮಾಡಿಕೊಂಡಿತು. ಒಂದು ಗುಂಪಿನಲ್ಲಿ ಒಂದು ವೃತ್ತಿಗೆ ಒಬ್ಬರೇ, ವಾರಕ್ಕೊಂದು ಮೀಟಿಂಗ್, ಪ್ರತಿಯೊಬ್ಬರಿಗೂ ಪರಿಚಯಕ್ಕೆ ಸ್ವಲ್ಪ ಸಮಯ: ಇದೇ ಅದರ ಮಾದರಿ.

ಫಾರ್ವರ್ಡ್ 1: "ಮಾತಿನ ಪ್ರಭಾವ ಶೇ. 7 ಮಾತ್ರ, ಉಳಿದದ್ದೆಲ್ಲ ಹಾವಭಾವ ಮತ್ತು ಧ್ವನಿ"

ಇದು ತಪ್ಪು ಅರ್ಥ. 1967ರಲ್ಲಿ ಆಲ್ಬರ್ಟ್ ಮೆಹ್ರೇಬಿಯನ್ ನಡೆಸಿದ ಪ್ರಯೋಗಗಳು ಇಷ್ಟ-ಅನಿಷ್ಟದಂಥ ಭಾವನೆ ತಿಳಿಸುವ ಸಂದರ್ಭಕ್ಕೆ ಮಾತ್ರ ಸಂಬಂಧಿಸಿದ್ದವು. ಎಲ್ಲ ಮಾತುಕತೆಗೂ ಈ ಲೆಕ್ಕ ಹೊಂದುವುದಿಲ್ಲ ಎಂದು ಅವರೇ ಸ್ಪಷ್ಟಪಡಿಸಿದ್ದಾರೆ. ಕೋಟು ಹಾಕಿ ನೆಟ್ಟಗೆ ನಿಂತರೆ ಸಾಲದು. ನೀವು ಮಾಡುವ ಕೆಲಸವೇನು ಎಂಬುದು ಬಾಯಿಂದಲೇ ಬರಬೇಕು.

ಫಾರ್ವರ್ಡ್ 2: "ಮನುಷ್ಯನ ಗಮನ 8 ಸೆಕೆಂಡ್, ಗೋಲ್ಡ್‌ಫಿಶ್‌ಗಿಂತ ಕಡಿಮೆ"

ಮೈಕ್ರೋಸಾಫ್ಟ್ ಕೆನಡಾದ 2015ರ ವರದಿಯೊಂದರಿಂದ ಈ ಮಾತು ಹಬ್ಬಿತು. ಆ ಅಂಕಿಯ ಹಿಂದೆ ನಂಬಬಹುದಾದ ಸಂಶೋಧನೆ ಇಲ್ಲ. ಮೂರು ಗಂಟೆ ಸಿನಿಮಾ ನೋಡುವ ಜನರಿಗೆ ಗಮನ ಇಲ್ಲ ಎನ್ನಲಾಗದು. ಮೀಟಿಂಗ್‌ನಲ್ಲಿ ಗಮನ ತಪ್ಪಲು ಕಾರಣ ಬೇರೆ ಇದೆ.

ಪಕ್ಕದವರ ಮಾತು ಯಾಕೆ ತಲೆಗೆ ಹೋಗುವುದಿಲ್ಲ?

1973ರಲ್ಲಿ ಮಾಲ್ಕಂ ಬ್ರೆನರ್ ಜನರನ್ನು ಕೂರಿಸಿ, ಸರದಿಯಂತೆ ಪದಗಳನ್ನು ಗಟ್ಟಿಯಾಗಿ ಓದಿಸಿದರು. ಆಮೇಲೆ ಕೇಳಿದಾಗ, ತಮ್ಮ ಸರದಿಗೆ ಸ್ವಲ್ಪ ಮುಂಚೆ ಓದಿದವರ ಪದಗಳೇ ಅವರಿಗೆ ಹೆಚ್ಚು ಮರೆತುಹೋಗಿದ್ದವು. ಗಮನವೆಲ್ಲ ತಮ್ಮ ಸರದಿಯ ಮೇಲೇ ಇತ್ತು.

ನಮ್ಮ ಮೀಟಿಂಗ್‌ಗಳಲ್ಲೂ ಇದೇ ಆಗುತ್ತದೆ. 40 ಜನ ತಲಾ ಒಂದು ನಿಮಿಷ ಮಾತಾಡಿದರೆ 40 ನಿಮಿಷ. ತನ್ನ ಸರದಿ ಹತ್ತಿರ ಬಂದವರು ಮನಸ್ಸಿನಲ್ಲೇ ಮಾತು ಜೋಡಿಸುತ್ತಿರುತ್ತಾರೆ. ಪರಿಹಾರ ಸುಲಭ: ಹೇಳಬೇಕಾದ್ದನ್ನು ಮನೆಯಲ್ಲೇ ನಾಲ್ಕು ಸಾಲು ಬರೆದು ತನ್ನಿ. ಮೀಟಿಂಗ್‌ನಲ್ಲಿ ಪೆನ್ ಬೇರೆಯವರ ಮಾತು ಬರೆದುಕೊಳ್ಳಲು ಇರಲಿ.

ಹೊಸಬರನ್ನು ಭೇಟಿಯಾಗಲು ಹೋಗಿ ಹಳಬರ ಜತೆ ಕಾಫಿ

ಕೊಲಂಬಿಯಾ ವಿಶ್ವವಿದ್ಯಾಲಯದ ಪಾಲ್ ಇಂಗ್ರಾಮ್ ಮತ್ತು ಮೈಕಲ್ ಮಾರಿಸ್ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಒಂದು ವ್ಯವಹಾರ ಕೂಟಕ್ಕೆ ಬಂದವರಿಗೆ ಎಲೆಕ್ಟ್ರಾನಿಕ್ ಬ್ಯಾಡ್ಜ್ ಹಾಕಿದರು. ಹೊಸಬರ ಪರಿಚಯ ಮಾಡಿಕೊಳ್ಳಬೇಕು ಎಂದು ಹೆಚ್ಚಿನವರು ಮೊದಲೇ ಹೇಳಿದ್ದರು. ಆದರೆ ಅವರು ಹೆಚ್ಚು ಹೊತ್ತು ಬೆರೆತದ್ದು ಮೊದಲೇ ಗೊತ್ತಿದ್ದವರ ಜತೆಗೇ.

ಇದು ಸೋಮಾರಿತನವಲ್ಲ, ಸಂಕೋಚ. ಹಾಗಾಗಿ "ಎಲ್ಲರೂ ಬೆರೆಯಿರಿ" ಎಂದು ಮೈಕ್‌ನಲ್ಲಿ ಹೇಳಿದರೆ ಪ್ರಯೋಜನವಿಲ್ಲ. ಬಾಗಿಲಲ್ಲೇ ಚೀಟಿ ಎತ್ತಿಸಿ ಟೇಬಲ್ ಹಂಚಿ. ಒಂದು ಟೇಬಲ್‌ಗೆ ನಾಲ್ವರು ಸಾಕು. ಸಹಜ ಹರಟೆಯಲ್ಲಿ ಒಂದೇ ಮಾತುಕತೆಗೆ ಸುಮಾರು ನಾಲ್ವರೇ ಮಿತಿ ಎಂದು ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದ್ದಾರೆ. ಅದಕ್ಕಿಂತ ಹೆಚ್ಚಾದರೆ ಗುಂಪು ಒಡೆಯುತ್ತದೆ, ಇಲ್ಲವೇ ಕೆಲವರು ಸುಮ್ಮನೆ ಕೂರುತ್ತಾರೆ.

ಅಪರೂಪದ ಪರಿಚಯಕ್ಕೆ ಬೆಲೆ ಹೆಚ್ಚು

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೋವೆಟರ್ 1973ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಪರಿಚಯದವರ ಮೂಲಕ ಕೆಲಸ ಸಿಕ್ಕವರಲ್ಲಿ ಆ ಪರಿಚಯದವರನ್ನು ಆಗಾಗ ಭೇಟಿಯಾಗುತ್ತಿದ್ದವರು ಸುಮಾರು ಶೇ. 17 ಮಾತ್ರ. ಉಳಿದವರಿಗೆ ನೆರವಾದವರು ಯಾವಾಗಲೋ ಒಮ್ಮೆ ಸಿಗುವವರು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ, ದೂರದವರು ಬೇರೆ ಲೋಕದ ಸುದ್ದಿ ತರುತ್ತಾರೆ. ಈ ಅಧ್ಯಯನ ಉದ್ಯೋಗದ ಬಗ್ಗೆ, ಗಿರಾಕಿಗಳ ಬಗ್ಗೆ ಅಲ್ಲ. ಆದರೂ ಒಂದು ಪಾಠವಿದೆ: ಎದುರು ಕೂತವರು ನಿಮ್ಮ ಗಿರಾಕಿ ಆಗದಿರಬಹುದು, ಅವರಿಗೆ ಗೊತ್ತಿರುವವರು ಆಗಬಹುದು.

ಅದಕ್ಕೆ ನಿಮ್ಮ ಕೋರಿಕೆ ಖಚಿತವಾಗಿರಬೇಕು. "ಯಾರಿಗಾದರೂ ಕೇಟರಿಂಗ್ ಬೇಕಿದ್ದರೆ ಹೇಳಿ" ಅಂದರೆ ಯಾರ ಮುಖವೂ ನೆನಪಾಗುವುದಿಲ್ಲ. "ಬೊಮ್ಮಸಂದ್ರದಲ್ಲಿ 50 ಜನ ಕೆಲಸ ಮಾಡುವ, ಸ್ವಂತ ಅಡುಗೆಮನೆ ಇಲ್ಲದ ಕಾರ್ಖಾನೆಯ ಎಚ್‌ಆರ್ ಪರಿಚಯ ಬೇಕು" ಅಂದರೆ ಕೇಳಿದವರಲ್ಲಿ ಒಬ್ಬರಿಗಾದರೂ ಹೆಸರು ಹೊಳೆಯಬಹುದು.

ಗುಂಪು ನಡೆಸುವವರು ಮಾಡಬಹುದಾದದ್ದು

- ಹೇಳಿದ ಸಮಯಕ್ಕೆ ಶುರು ಮಾಡಿ, ಹೇಳಿದ ಸಮಯಕ್ಕೆ ಮುಗಿಸಿ. ತಡವಾಗಿ ಬಂದವರಿಗಾಗಿ ಕಾದರೆ ಸಮಯಕ್ಕೆ ಬಂದವರಿಗೆ ದಂಡ.
- ಕನ್ನಡದಲ್ಲಿ ಮಾತಾಡಲು ಅವಕಾಶವಿದೆ ಎಂದು ಮೊದಲೇ ಹೇಳಿ. ಒಳ್ಳೆಯ ವೆಲ್ಡರ್ ಇಂಗ್ಲಿಷ್ ಬರುವುದಿಲ್ಲವೆಂದು ಮೂಲೆಯಲ್ಲಿ ಕೂತರೆ ನಷ್ಟ ಎಲ್ಲರಿಗೂ.
- ಫೋನ್ ನಂಬರ್ ಹಂಚಿದ್ದನ್ನೆಲ್ಲ ರೆಫರಲ್ ಎಂದು ಎಣಿಸಬೇಡಿ. ಆ ಕಡೆಯವರಿಗೆ ಮೊದಲೇ ತಿಳಿಸಿ, ಅವರು ಒಪ್ಪಿದ ಮೇಲೆ ಕೊಟ್ಟದ್ದೇ ರೆಫರಲ್.
- ಕಳೆದ ವಾರದ ಪರಿಚಯಗಳು ಎಲ್ಲಿಗೆ ಬಂದವು ಎಂದು ಐದು ನಿಮಿಷ ಕೇಳಿ.

ಲಾಭ ಲೆಕ್ಕ ಹಾಕುವುದು ಹೇಗೆ?

ವ್ಯವಹಾರದ ಮೊತ್ತ ನೋಡಬೇಡಿ, ಉಳಿದ ಲಾಭ ನೋಡಿ. 1 ಲಕ್ಷ ರೂಪಾಯಿಯ ಕೆಲಸದಲ್ಲಿ ಶೇ. 10 ಉಳಿದರೆ ನಿಮ್ಮ ಕೈಗೆ ಬಂದದ್ದು 10 ಸಾವಿರ. ಅದರಿಂದ ಶುಲ್ಕ, ತಿಂಡಿ, ಪೆಟ್ರೋಲ್ ಕಳೆಯಿರಿ. ಮಿಕ್ಕದ್ದು 130 ಗಂಟೆಗೆ ತಕ್ಕದ್ದೇ? ನಂಬಿಕೆ ಬೆಳೆಯಲು ಕೆಲವು ತಿಂಗಳು ಬೇಕು, ನಿಜ. ಆದರೆ ವರ್ಷ ಕಳೆದರೂ ಲೆಕ್ಕ ಕೂಡದಿದ್ದರೆ ಗುಂಪು ಬದಲಿಸುವುದರಲ್ಲಿ ಅವಮಾನವಿಲ್ಲ.

ಎಚ್ಚರ: ನೆಟ್‌ವರ್ಕಿಂಗ್ ಬೇರೆ, ನೆಟ್‌ವರ್ಕ್ ಮಾರ್ಕೆಟಿಂಗ್ ಬೇರೆ

"ಬಿಸಿನೆಸ್ ಮೀಟಿಂಗ್ ಇದೆ, ಬನ್ನಿ" ಎಂದು ಕರೆದು, ಹಣ ಕಟ್ಟಿ ಇನ್ನಷ್ಟು ಜನರನ್ನು ಸೇರಿಸಿ ಎನ್ನುವವರೂ ಇದ್ದಾರೆ. ಹೊಸಬರನ್ನು ಸೇರಿಸಿದ್ದಕ್ಕೇ ಆದಾಯ ಬರುವ ಪಿರಮಿಡ್ ಯೋಜನೆಗಳನ್ನು ನೇರ ಮಾರಾಟದ ಹೆಸರಿನಲ್ಲಿ ನಡೆಸುವುದನ್ನು ಕೇಂದ್ರ ಸರ್ಕಾರದ 2021ರ ನಿಯಮಗಳು ನಿಷೇಧಿಸಿವೆ. ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಹಣ ಬರುವುದು ನನ್ನ ಕೆಲಸದಿಂದಲೋ, ನಾನು ಕರೆತಂದ ಜನರಿಂದಲೋ? ಎರಡನೆಯದಾದರೆ ತಿಂಡಿಗೂ ಕಾಯದೆ ಎದ್ದು ಬನ್ನಿ.

ಕೊನೆಗೆ ನಾವು ಹೇಳುವುದಿಷ್ಟು: ನೆಟ್‌ವರ್ಕಿಂಗ್ ಮೀಟಿಂಗ್ ಮೋಸವೂ ಅಲ್ಲ, ಮಾಯಾಜಾಲವೂ ಅಲ್ಲ. ಬರೆದುಕೊಂಡು ಹೋಗಿ, ಹೊಸಬರ ಪಕ್ಕ ಕೂರಿ, ಖಚಿತವಾಗಿ ಕೇಳಿ, ವಾರದೊಳಗೆ ಫೋನ್ ಮಾಡಿ. ನಿಮ್ಮ ಗುಂಪಿನ ವಾಟ್ಸ್‌ಆಪ್‌ಗೆ ಗೋಲ್ಡ್‌ಫಿಶ್ ಕಥೆ ಮತ್ತೆ ಬಂದರೆ, ಉತ್ತರವಾಗಿ ಇದನ್ನು ಕಳಿಸಿ.