ಹಿಮ್ಮೇಳದವರ ಹೆಸರು

ಓದುಗರೆ, ನಿಮ್ಮ ಮನೆಯ ಅಟ್ಟದಲ್ಲೋ ಕಪಾಟಿನ ಮೂಲೆಯಲ್ಲೋ ಯಕ್ಷಗಾನದ ಹಳೆಯ ಕ್ಯಾಸೆಟ್ಟುಗಳಿದ್ದರೆ ಒಂದನ್ನು ಕೈಗೆತ್ತಿಕೊಳ್ಳಿ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆಯವರಾದರೆ ಅವು ಇದ್ದೇ ಇರುತ್ತವೆಂದು ಧೈರ್ಯವಾಗಿ ಹೇಳಬಹುದು. ಹೊದಿಕೆಯ ಮೇಲೆ ಪ್ರಸಂಗದ ಹೆಸರು ದಪ್ಪಕ್ಷರದಲ್ಲಿ, ಅದರ ಕೆಳಗೆ ಭಾಗವತರ ಹೆಸರು. ಮದ್ದಳೆ ಯಾರದು, ಚಂಡೆ ಯಾರದು ಎಂದು ತಿಳಿಯಬೇಕಾದರೆ ಸಾಮಾನ್ಯವಾಗಿ ಸಣ್ಣಕ್ಷರಗಳನ್ನು ಹುಡುಕಿ ಓದಬೇಕು. ಆಟದ ಬಯಲಿನಲ್ಲಿ ನೀವೇ ಧ್ವನಿಮುದ್ರಿಸಿಕೊಂಡ ಕ್ಯಾಸೆಟ್ಟಾದರೆ ಆ ಸಣ್ಣಕ್ಷರವೂ ಇರಲಾರದು. ಆ ಸಣ್ಣಕ್ಷರದ ಚರಿತ್ರೆಯೇ ಈ ಲೇಖನದ ವಸ್ತು.

ಇದು ಕರಾವಳಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ. ಅಮೆರಿಕದ ಡೆಟ್ರಾಯಿಟ್ ನಗರದ ಮೋಟೌನ್ ಕಂಪನಿಯ 1960ರ ದಶಕದ ಜನಪ್ರಿಯ ಹಾಡುಗಳಿಗೆಲ್ಲ ಬಹುಮಟ್ಟಿಗೆ ಒಂದೇ ವಾದ್ಯವೃಂದ ನುಡಿಸುತ್ತಿತ್ತು. ಅವರ ಹೆಸರು ಕಂಪನಿಯ ಆಲ್ಬಮ್ಮಿನ ಹೊದಿಕೆಯ ಮೇಲೆ ಬಂದದ್ದು 1971ರಲ್ಲಿ, ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಪ್ರಕಟವಾದಾಗ. ಡ್ರಮ್ ನುಡಿಸುವವರಲ್ಲಿ ಜಗತ್ತಿಗೆಲ್ಲ ಪರಿಚಿತರಾದ ರಿಂಗೋ ಸ್ಟಾರ್ ಕೂಡ ತಮ್ಮದೇ ಹೆಸರಿನ ಮೊದಲ ಆಲ್ಬಮ್ ತಂದದ್ದು ಬೀಟಲ್ಸ್ ತಂಡ ಒಡೆದ 1970ರಲ್ಲಿ. 1973ರ 'ರಿಂಗೋ' ಆಲ್ಬಮ್ಮಿನಲ್ಲಿ ಅವರ ಜೊತೆ ಇನ್ನೊಬ್ಬ ಡ್ರಮ್ ವಾದಕ ಜಿಮ್ ಕೆಲ್ಟ್ನರ್ ಇದ್ದಾರೆ. ಇಂಥ ಆಲ್ಬಮ್ಮುಗಳನ್ನು ಸಂಗ್ರಹಿಸುವ ಹವ್ಯಾಸಿಗಳು ಹಾಡಿದವರಷ್ಟೇ ಆಸಕ್ತಿಯಿಂದ ನುಡಿಸಿದವರ ಪಟ್ಟಿಯನ್ನೂ ನೋಡುತ್ತಾರೆ. ಒಂದು ಹೆಸರು ಹತ್ತು ಆಲ್ಬಮ್ಮುಗಳಲ್ಲಿ ಎದುರಾದಾಗ, ಆ ಕಾಲದ ಸಂಗೀತ ಹೇಗೆ ಬೆಳೆಯಿತೆಂಬುದು ಅವರಿಗೆ ಕಾಣತೊಡಗುತ್ತದೆ.

ನಮ್ಮಲ್ಲೂ ಪಕ್ಕವಾದ್ಯದವರು ಹೊದಿಕೆಯ ಮುಂಭಾಗಕ್ಕೆ ಬಂದ ಉದಾಹರಣೆಗಳಿವೆ. 1968ರಲ್ಲಿ ತಬಲಾದ ಅಲ್ಲಾ ರಖಾ ಅವರೂ ಜಾಝ್ ಡ್ರಮ್ಮಿನ ಬಡ್ಡಿ ರಿಚ್ ಅವರೂ ಕೂಡಿ ಧ್ವನಿಮುದ್ರಿಕೆ ಹೊರತಂದರು. ಬೆಂಗಳೂರಿನಲ್ಲಿ ಮೃದಂಗವಾದಕ ಟಿ.ಎ.ಎಸ್. ಮಣಿ ಅವರು ನಡೆಸುತ್ತಿದ್ದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್, ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೋ ಅವರೊಡನೆ 1983ರಲ್ಲಿ 'ಜ್ಯೋತಿ' ಎಂಬ ಆಲ್ಬಮ್ ಧ್ವನಿಮುದ್ರಿಸಿತು. ಜರ್ಮನಿಯ ಇಸಿಎಂ ಕಂಪನಿಯ ಆ ಹೊದಿಕೆಯ ಮೇಲೆ ತಾಳವಾದ್ಯದ ಸಂಸ್ಥೆಯ ಹೆಸರೇ ಇದೆ.

ಯಕ್ಷಗಾನದ ಬಡಗುತಿಟ್ಟಿನಲ್ಲಿ ಮದ್ದಳೆ, ಚಂಡೆಗಳ ಸ್ಥಾನವಾದರೂ ಏನು? ಭಾಗವತರು ಪದ ಹೇಳುತ್ತಾರೆ. ಹೆಜ್ಜೆಗೆ ದಾರಿ ಹಾಕುವುದು ಮದ್ದಳೆ. ವೀರ, ರೌದ್ರಗಳನ್ನು ಮೇಲಕ್ಕೆತ್ತುವುದು ಚಂಡೆ. ಬಿಡ್ತಿಗೆ, ಮುಕ್ತಾಯಗಳಲ್ಲಿ ಕೈ ಒಂದಿಷ್ಟು ತಪ್ಪಿದರೆ ವೇಷಧಾರಿಯ ಹೆಜ್ಜೆಯೂ ತಪ್ಪುತ್ತದೆ. ಮದ್ದಳೆಯ ಬಲಮುಖವನ್ನು ಭಾಗವತರ ಶ್ರುತಿಗೆ ಕೂಡಿಸಬೇಕು. ಚರ್ಮದ ನಡುವೆ ಹಚ್ಚುವ ಕಪ್ಪು ಲೇಪದ ಭಾರದಿಂದಲೇ ನಮ್ಮ ವಾದ್ಯಗಳು ಬರಿಯ ಸದ್ದಿಗೆ ಬದಲು ಸ್ವರವನ್ನು ಕೊಡುತ್ತವೆ. ಮೃದಂಗ, ತಬಲಾಗಳ ಈ ಗುಣವನ್ನು ಸಿ.ವಿ. ರಾಮನ್ ಅವರು 1920ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವಿವರಿಸಿದ್ದರು. ಮದ್ದಳೆಯೂ ಅದೇ ಜಾತಿಯ ವಾದ್ಯ.

ಹಿರಿಯಡಕ ಗೋಪಾಲ ರಾಯರ ಹೆಸರನ್ನು ಇಲ್ಲಿ ನೆನೆಯಲೇಬೇಕು. 1919ರಲ್ಲಿ ಹುಟ್ಟಿ ನೂರು ದಾಟಿ ಬಾಳಿ 2020ರಲ್ಲಿ ತೀರಿಕೊಂಡ ಅವರು ಏರು ಮದ್ದಳೆಗೆ ಹೆಸರಾದವರು. ಶಿವರಾಮ ಕಾರಂತರ ಪ್ರಯೋಗಗಳಿಗೂ ಮದ್ದಳೆ ನುಡಿಸಿದವರು. ದುರ್ಗಪ್ಪ ಗುಡಿಗಾರರ ಮದ್ದಳೆಯನ್ನು ಕೈಯ ನಾದದಿಂದಲೇ ಗುರುತಿಸುವ ರಸಿಕರಿದ್ದಾರೆ. ಆದರೆ ಅಂಗಡಿಯ ಮುಂದೆ ನಿಂತು ಮದ್ದಳೆಯವರ ಹೆಸರು ಹೇಳಿ ಕ್ಯಾಸೆಟ್ ಕೇಳಿದವರು ಎಷ್ಟು ಮಂದಿ?

ಕೇಳುತ್ತಿದ್ದುದು ಭಾಗವತರ ಹೆಸರನ್ನೇ. ಗುಂಡ್ಮಿ ಕಾಳಿಂಗ ನಾವಡರ ಕಂಠ 1980ರ ದಶಕದಲ್ಲಿ ಮೇಳದ ಬಯಲಿನಿಂದ ಮನೆಯ ಟೇಪ್ ರೆಕಾರ್ಡರಿಗೆ ಬಂತು. ಮೇಳಗಳ ತಿರುಗಾಟ ದೀಪಾವಳಿಯ ಆಸುಪಾಸಿನಿಂದ ಪತ್ತನಾಜೆಯವರೆಗೆ, ಮಳೆಗಾಲದಲ್ಲಿ ಬಯಲಾಟವಿಲ್ಲ. ಆ ತಿಂಗಳುಗಳಲ್ಲಿ ಆಟವನ್ನು ಮನೆಗೆ ತಂದದ್ದು ಕ್ಯಾಸೆಟ್. ನಾವಡರು 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅಂದಿನಿಂದ ಆ ಕ್ಯಾಸೆಟ್ಟುಗಳು ಬರಿಯ ಮನರಂಜನೆಯಾಗಿ ಉಳಿಯಲಿಲ್ಲ, ಜನ ಅವನ್ನು ಜೋಪಾನ ಮಾಡಿದರು. ಹಾಗೆ ಉಳಿದದ್ದು ಅವರ ಕಂಠವೊಂದೇ ಅಲ್ಲ. ಅದೇ ಪಟ್ಟಿಯಲ್ಲಿ ಮದ್ದಳೆ, ಚಂಡೆಯವರ ಕೈಯೂ ಉಳಿದಿದೆ.

ಆ ಕೈ ಎಷ್ಟರ ಮಟ್ಟಿಗೆ ಉಳಿದಿದೆ ಎಂಬುದು ಮಾತ್ರ ತಂತ್ರದ ಪ್ರಶ್ನೆ. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಈ ಕ್ಯಾಸೆಟ್ಟಿನ ಪಟ್ಟಿ ನಾಲ್ಕು ಮಿಲಿಮೀಟರಿಗಿಂತ ಕಿರಿದು; ಅದು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಚಂಡೆಯ ಪೆಟ್ಟು ಕ್ಷಣಾರ್ಧದಲ್ಲಿ ಶಿಖರಕ್ಕೇರುವ ಸದ್ದು. ಅದಕ್ಕೆ ಸರಿಯಾಗಿ ಮಟ್ಟ ಇಳಿಸಿದರೆ ಮದ್ದಳೆಯ ಮೆಲುದನಿ ಪಟ್ಟಿಯ 'ಸ್' ಎನ್ನುವ ಸದ್ದಿನಲ್ಲಿ ಮುಳುಗುತ್ತದೆ. ಮಟ್ಟ ಏರಿಸಿದರೆ ಚಂಡೆ ಒಡೆದು ಕೇಳುತ್ತದೆ. ಮನೆಯ ಟೂ-ಇನ್-ಒನ್ ಯಂತ್ರದಲ್ಲಿ ಮಟ್ಟವನ್ನು ಯಂತ್ರವೇ ಹೊಂದಿಸುತ್ತಿತ್ತು. ಚಂಡೆ ಬಿದ್ದೊಡನೆ ಭಾಗವತರ ದನಿ ಕುಗ್ಗಿ ಮತ್ತೆ ಮೆಲ್ಲನೆ ಮೇಲೇಳುವುದನ್ನು ನೀವು ಕೇಳಿದ್ದರೆ, ಅದು ಹೆಚ್ಚಾಗಿ ಅಂಥ ಯಂತ್ರದ ಗುರುತು. ರಾತ್ರಿಯಿಡೀ ನಡೆಯುವ ಪ್ರಸಂಗವನ್ನು ಅರುವತ್ತೋ ತೊಂಬತ್ತೋ ನಿಮಿಷಕ್ಕೆ ಇಳಿಸುವಾಗಲೂ ಪೀಠಿಕೆ, ಒಡ್ಡೋಲಗದಂಥ ಭಾಗಗಳನ್ನು ಮೊಟಕುಗೊಳಿಸುವುದು ಸುಲಭ. ಚಂಡೆ, ಮದ್ದಳೆಗಳು ತಾವಾಗಿ ಮಾತಾಡುವ ಜಾಗಗಳೂ ಅವೇ.

ಈಗಿನ ಅಪಾಯ ಇನ್ನೊಂದು ಬಗೆಯದು. ಕರಾವಳಿಯ ತೇವಕ್ಕೆ ಕ್ಯಾಸೆಟ್ ಪಟ್ಟಿಯ ಅಂಚಿನಲ್ಲಿ ಬಿಳಿಯ ಬೂಷ್ಟು ಹಿಡಿಯುತ್ತದೆ, ಅಂಟು ಸಡಿಲಗೊಳ್ಳುತ್ತದೆ. ಹೀಗಾಗಿ ಅನೇಕರು ಅವನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಾರೆ, ಒಳ್ಳೆಯ ಕೆಲಸ. ಆದರೆ ಏರಿಸುವಾಗ ಬರೆಯುವುದು ಭಾಗವತರ ಹೆಸರನ್ನು ಮಾತ್ರ. ಹೊದಿಕೆಯ ಕಾಗದ ಕಸಕ್ಕೆ ಹೋಗುತ್ತದೆ. ದನಿ ಉಳಿಯುತ್ತದೆ, ನುಡಿಸಿದವರು ಅನಾಮಿಕರಾಗುತ್ತಾರೆ. ಪಟ್ಟಿ ಹಾಳಾದರೆ ಇನ್ನೊಂದು ಪ್ರತಿ ಬೇರೆಲ್ಲಾದರೂ ಸಿಕ್ಕೀತು. ಆ ರಾತ್ರಿ ಮದ್ದಳೆಗೆ ಕುಳಿತವರು ಯಾರೆಂದು ಬಲ್ಲ ಹಿರಿಯರು ಹೋದ ಮೇಲೆ ಆ ಹೆಸರು ಎಲ್ಲಿಯೂ ಸಿಗಲಾರದು.

ಆದ್ದರಿಂದ ಸಂಗ್ರಹವುಳ್ಳವರು ಹೀಗೆ ಮಾಡಬಹುದು. ಬೂಷ್ಟು ಕಂಡ ಕ್ಯಾಸೆಟ್ಟನ್ನು ಒಡನೆ ಓಡಿಸಬೇಡಿ. ಒಣಗಿದ ಜಾಗದಲ್ಲಿಟ್ಟು, ಬಲ್ಲವರಿಂದ ಶುಚಿಮಾಡಿಸಿ. ಕಂಪ್ಯೂಟರಿಗೆ ಏರಿಸುವಾಗ ಸದ್ದು ಶೋಧಿಸುವ ಸೌಲಭ್ಯವನ್ನು ಮೊದಲ ಪ್ರತಿಗೆ ಬಳಸಬೇಡಿ. ಅದು ಚಂಡೆಯ ಮೊನಚನ್ನೂ ಒರೆಸಿಬಿಡಬಹುದು. ಹೊದಿಕೆಯ ಎರಡೂ ಮಗ್ಗುಲಿನ ಚಿತ್ರ ತೆಗೆದು ಜೊತೆಗಿಡಿ. ಪ್ರಸಂಗ, ಮೇಳ, ಸ್ಥಳ, ವರ್ಷ, ಭಾಗವತರು, ಮದ್ದಳೆ, ಚಂಡೆ, ಈ ಏಳನ್ನೂ ಬರೆಯಿರಿ. ಗೊತ್ತಿಲ್ಲದ ಕಡೆ ಜಾಗ ಖಾಲಿ ಬಿಡಿ, ಊಹೆ ಬೇಡ. ಆಮೇಲೆ ಊರಿನ ಹಿರಿಯ ಕಲಾವಿದರೊಬ್ಬರ ಮುಂದೆ ಅದನ್ನು ಕೇಳಿಸಿ. ನಾಲ್ಕು ಪೆಟ್ಟು ಕೇಳುವಷ್ಟರಲ್ಲಿ ಅವರು ಹೆಸರು ಹೇಳಿಯಾರು. ಅದನ್ನು ಅಲ್ಲೇ ಬರೆದುಕೊಳ್ಳಿ.