ಜಡ್ಡುಗಟ್ಟು

ಉತ್ತರ ಕರ್ನಾಟಕದಲ್ಲಿ ‘ಜಡ್ಡು’ ಎಂದರೆ ಕಾಯಿಲೆ. ಬೇರೆಡೆ ಅದು ಗುದ್ದಲಿ ಹಿಡಿದು ಹಿಡಿದು ಅಂಗೈಯಲ್ಲಿ ಗಟ್ಟಿಯಾದ ಚರ್ಮ. ಎರಡರ ಹಿಂದೆಯೂ ಸಂಸ್ಕೃತದ ಜಡ, ಜಾಡ್ಯಗಳಿವೆ. ಆಡಳಿತ ಜಡ್ಡುಗಟ್ಟಿದೆ ಎಂದು ಪತ್ರಿಕೆಗಳು ಬರೆದೂ ಬರೆದೂ ಈಗ ಪದಕ್ಕೇ ಜಡ್ಡು ಹಿಡಿದಿದೆ ಅನ್ನಿ. ಆದರೆ ಮನಸ್ಸಾಕ್ಷಿಯ ಜೊತೆ ಬಂದಾಗ ಅದಕ್ಕೆ ಹಳೆಯ ಮೊನಚು ಮರಳುತ್ತದೆ.

ಪಾಪ ಮನುಷ್ಯನ ಒಳಗನ್ನು ಏನು ಮಾಡುತ್ತದೆಂಬುದಕ್ಕೆ ಬೈಬಲಿನ ಹೊಸ ಒಡಂಬಡಿಕೆಯಲ್ಲಿ ಎರಡು ಗ್ರೀಕ್ ಪದಗಳಿವೆ. ತಿಮೊಥೆಯನಿಗೆ ಬರೆದ ಮೊದಲ ಪತ್ರಿಕೆಯಲ್ಲಿ (4:2) ಕಾದ ಕಬ್ಬಿಣದಿಂದ ಬರೆ ಹಾಕುವ ಅರ್ಥದ್ದು. ವೈದ್ಯರ ‘ಕಾಟರಿ’ ಅದೇ ಬೇರಿನದು. ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ (4:19) ‘ಅಪಾಲ್ಗೆಯೊ’, ಅಂದರೆ ನೋವೇ ಆಗದ ಸ್ಥಿತಿಗೆ ಬರುವುದು. ನಮ್ಮ ಜಡ್ಡು ಈ ಎರಡನೆಯದಕ್ಕೆ ಹತ್ತಿರ, ನನ್ನ ಮಟ್ಟಿಗೆ ಹೆಚ್ಚು ನಿಜ. ಬರೆ ಬಿದ್ದ ಗಳಿಗೆ ನೆನಪಿರುತ್ತದೆ. ಜಡ್ಡು ಯಾವತ್ತು ಕಟ್ಟಿತೆಂದು ಯಾರೂ ಹೇಳಲಾರರು. ಗುಟ್ಟಾಗಿ ತಪ್ಪು ಮಾಡಿ ಮೊದಲ ಸಲ ಪ್ರಾರ್ಥನೆಗೆ ಕೂತಾಗ ನಾಲಿಗೆ ತಡವರಿಸುತ್ತದೆ. ಅದೇ ತಪ್ಪು ಮರುಕಳಿಸುತ್ತ ಹೋದರೆ ಪ್ರಾರ್ಥನೆ ಸರಾಗ!

ಬೇರೆಯವರ ತಪ್ಪಿಗೆ ಮಾತ್ರ ಅದೇ ಮನಸ್ಸಾಕ್ಷಿ ಚುರುಕಾಗಿಯೇ ಇರುತ್ತದೆ. ಹಳೆಯ ಒಡಂಬಡಿಕೆಯ ದಾವೀದ ಬತ್ಷೆಬೆ ಎಂಬವಳನ್ನು ಕೂಡಿ, ಅವಳ ಗಂಡ ಊರೀಯನನ್ನು ಯುದ್ಧದಲ್ಲಿ ಸಾಯಿಸಿ, ಮಗು ಹುಟ್ಟುವವರೆಗೂ ಅರಸನಾಗಿ ಆರಾಮವಾಗಿಯೇ ಇದ್ದ. ಪ್ರವಾದಿ ನಾತಾನ ಬಂದು, ಬಡವನ ಒಂದೇ ಕುರಿಮರಿಯನ್ನು ಸಿರಿವಂತನೊಬ್ಬ ಕಿತ್ತುಕೊಂಡ ಕಥೆ ಹೇಳಿದಾಗ ಸಿಟ್ಟಿನಿಂದ ಕಿಡಿಕಿಡಿಯಾದ. ಆ ಸಿರಿವಂತನಿಗೆ ಮರಣವೇ ತಕ್ಕದ್ದು, ನಾಲ್ಕರಷ್ಟು ದಂಡವನ್ನೂ ತೆರಲಿ ಎಂದ. ಆ ಸಿರಿವಂತ ನೀನೇ ಎಂದು ನಾತಾನನೇ ಬಾಯಿಬಿಟ್ಟು ಹೇಳಬೇಕಾಯಿತು.